ಕಣ್ಣು ಮುಂದೆ, ಬೆರಳು ಹಿಂದೆ



ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ಮಾಡಿ ನಲವತ್ತು ವರ್ಷ ಆಯಿತು. ಅದನ್ನು ತಿದ್ದಿಕೊಂಡದ್ದು ಈ ಬೇಸಿಗೆಯಲ್ಲಿ. ತಿದ್ದಿದವಳು ಹನ್ನೊಂದು ವರ್ಷದ ನನ್ನ ಮೊಮ್ಮಗಳು.

ಬೇಸಿಗೆ ರಜೆಗೆ ಅವಳು ಬೆಂಗಳೂರಿನಿಂದ ಬಂದಳು. 'ಅಜ್ಜನ ಊರು ಜಾಲಹಳ್ಳಿಗೆ ಹೋಗ್ತಿದ್ದೀನಿ' ಎಂದರೆ ಅವಳ ಗೆಳತಿಯರು, 'ಅಷ್ಟೇನಾ? ಮೆಟ್ರೋದಲ್ಲಿ ಹೋಗಿ ಸಂಜೆಗೆ ಬಂದುಬಿಡು' ಅಂದರಂತೆ! ಬೆಂಗಳೂರಿನಲ್ಲೂ ಒಂದು ಜಾಲಹಳ್ಳಿ ಇದೆಯಲ್ಲ. ನಮ್ಮದು ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಇಲ್ಲಿಗೆ ಬರಲು ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ನಿದ್ದೆ ಮಾಡಬೇಕು.

ಬಸ್ಸಿನಿಂದ ಇಳಿದಾಗ ಅವಳ ಅಪ್ಪನ ಹೆಗಲ ಮೇಲೆ ಉದ್ದನೆಯದೊಂದು ಕರಿ ಚೀಲ ಇತ್ತು. ಅದರೊಳಗೆ 61 ಮನೆಗಳ ಎಲೆಕ್ಟ್ರಿಕ್ ಕೀಬೋರ್ಡು. ನಿಜವಾದ ಪಿಯಾನೋದಲ್ಲಿ 88 ಮನೆಗಳು: 52 ಬಿಳಿ, 36 ಕರಿ. ಅಷ್ಟು ದೊಡ್ಡದನ್ನು ಬಸ್ಸಿನಲ್ಲಿ ತರಲಾದೀತೇ? ಅದಕ್ಕೇ ಈ ತಮ್ಮನನ್ನು ತಂದಿದ್ದರು. ಪಡಸಾಲೆಯಲ್ಲಿ ನನ್ನ ಹಳೆಯ ಹಾರ್ಮೋನಿಯಂ ಪಕ್ಕದಲ್ಲೇ ಅದಕ್ಕೊಂದು ಮೇಜು ಹಾಕಿದೆವು. ಹಾರ್ಮೋನಿಯಂಗೆ ನಮ್ಮ ಕಡೆ 'ಪೇಟಿ' ಅನ್ನುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ, ಬಿಳಿ-ಕರಿ ಮನೆಗಳ ಜೋಡಣೆ ಒಂದೇ. ಕರಿ ಮನೆಗಳು ಎರಡು, ಆಮೇಲೆ ಮೂರು, ಮತ್ತೆ ಎರಡು, ಮತ್ತೆ ಮೂರು.

ಮೊದಲ ದಿನವೇ ಅವಳು ಮೂರು ಪಾಠ ಬಾರಿಸಿ ತೋರಿಸಿದಳು. ನೀರು ಹರಿದಂತೆ ಬಾರಿಸಿದಳು. 'ಭಲೇ ತಂಗಿ!' ಅಂದೆ. ಅವಳ ಮುಖ ಮಾತ್ರ ಅರಳಲಿಲ್ಲ.

'ಅಜ್ಜ, ಇವು ಆರು ತಿಂಗಳು ಅಭ್ಯಾಸ ಮಾಡಿದ್ದು. ಹೊಸ ಹಾಳೆ ಕೊಟ್ಟರೆ ನನಗೆ ಬಾರಿಸೋಕೆ ಬರಲ್ಲ. ಸೈಟ್ ರೀಡಿಂಗ್‌ನಲ್ಲಿ ಫೇಲ್ ಆದೆ.'

ಪಿಯಾನೋ ಕಲಿಯುವ ಮಕ್ಕಳಿಗೆ ಲಂಡನ್ನಿನ ಎಬಿಆರ್‌ಎಸ್‌ಎಂ ಎಂಬ ಸಂಸ್ಥೆ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಒಟ್ಟು 150 ಅಂಕ. ಮೂರು ಪಾಠಗಳಿಗೆ ತಲಾ 30. ಸೈಟ್ ರೀಡಿಂಗ್‌ಗೆ 21. ಮೊದಲೆಂದೂ ನೋಡಿರದ ಒಂದು ಚಿಕ್ಕ ಪಾಠವನ್ನು ಮುಂದೆ ಇಡುತ್ತಾರೆ. ನೋಡಿಕೊಳ್ಳಲು ಅರ್ಧ ನಿಮಿಷ ಕೊಡುತ್ತಾರೆ. ಆಮೇಲೆ ಬಾರಿಸಬೇಕು. ಕಂಡಕೂಡಲೇ ಬಾರಿಸುವುದು ಅನ್ನಿ. ಅದರಲ್ಲಿ 14 ಬಂದರೆ ಪಾಸು, ಇವಳಿಗೆ ಬಂದದ್ದು 11. ಒಟ್ಟು ಅಂಕ ಸಾಕಷ್ಟು ಇದ್ದುದರಿಂದ ಪರೀಕ್ಷೆ ಪಾಸಾಗಿತ್ತು. ಆದರೆ ಆ 11 ಅವಳಿಗೆ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಆಗಿತ್ತು.

ನನಗೆ ನಗು ಬರಲಿಲ್ಲ. ಯಾಕೆಂದರೆ ನಾನೂ ಅದೇ ವಿಷಯದಲ್ಲಿ ಫೇಲಾದವನು.

ನಮ್ಮ ಹನುಮಪ್ಪನ ಗುಡಿಯ ಭಜನಾ ಮೇಳದಲ್ಲಿ ನಾನು ಪೇಟಿ ಬಾರಿಸುತ್ತೇನೆ. ಎಲ್ಲಾ ಕಿವಿಯ ಮೇಲೆಯೇ. ಒಬ್ಬರು ಹಾಡಿದರೆ ಹಿಂದೆಯೇ ನನ್ನ ಬೆರಳು ಹೋಗುತ್ತದೆ. ಬರೆದದ್ದನ್ನು ನೋಡಿ ಬಾರಿಸಲು ಮಾತ್ರ ಬರುತ್ತಿರಲಿಲ್ಲ. ನಮ್ಮ ಅಣ್ಣನಿಗೆ ಎರಡೂ ಬರುತ್ತಿತ್ತು. ಅವನು ರಾಯಚೂರಿನಲ್ಲಿ ಒಬ್ಬ ಸಂಗೀತ ಮಾಸ್ತರರ ಹತ್ತಿರ ಸ್ವರಲಿಪಿ ಕಲಿತು ಬಂದಿದ್ದ. ಹೊಸ ವರ್ಷಕ್ಕೆ ಬ್ಯಾಂಕಿನಿಂದ ನಾನು ತಂದುಕೊಟ್ಟ ಡೈರಿಯೊಂದರಲ್ಲಿ ಊರಿನ ಭಜನೆ ಪದಗಳ ಧಾಟಿಗಳನ್ನೆಲ್ಲ ಬರೆದಿಡುತ್ತಿದ್ದ. 'ನೀನೂ ಕಲಿಯೋ ತಮ್ಮಾ. ದಿನಾ ಅಂಕಿ ಓದಾಂವ ನೀನು, ಇದು ನಿನಗ ಎಂಟು ದಿನದ ಕೆಲಸ' ಅನ್ನುತ್ತಿದ್ದ.

ನಾನೇನು ಹೇಳಿದೆ ಗೊತ್ತೇ? 'ಕಿವಿ ಇದ್ದಾಂವಗ ಕಾಗದ ಯಾಕ ಬೇಕು?' ಅಂದೆ. ಮೇಳದವರೆಲ್ಲ ನಕ್ಕರು. ಅಣ್ಣನೂ ನಕ್ಕ. ಮತ್ತೆ ಕೇಳಲಿಲ್ಲ.

ಅಣ್ಣ ಹೋಗಿ ಒಂಬತ್ತು ವರ್ಷವಾಯಿತು. ಡೈರಿ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಕೂತಿತ್ತು. ಅದರ ಒಂದು ಪುಟದ ತಲೆಯಲ್ಲಿ ಅಣ್ಣನ ಅಕ್ಷರದಲ್ಲಿ 'ಅವ್ವನ ಬೀಸೋ ಪದ' ಎಂದಿದೆ. ಅವ್ವ ಬೆಳಗಿನ ಜಾವ ಜೋಳ ಬೀಸುತ್ತಾ ಹಾಡುತ್ತಿದ್ದ ಪದ ಅದು. ಪ್ರತಿ ವರ್ಷ ಆ ಪುಟ ತೆಗೆದು ನೋಡುತ್ತಿದ್ದೆ, ಓದಲು ಬಾರದೆ ಮುಚ್ಚಿಡುತ್ತಿದ್ದೆ.

ಆ ಡೈರಿಯನ್ನು ಮೊಮ್ಮಗಳಿಗೆ ತೋರಿಸಿದೆ. ಅವಳು ಹಿಂದೆ ಮುಂದೆ ತಿರುವಿ, 'ಅಜ್ಜ, ನಿಮಗೂ ಬರಲ್ಲ, ನನಗೂ ಬರಲ್ಲ. ಇಬ್ಬರೂ ಸೇರಿ ಕಲಿಯೋಣ' ಅಂದಳು. ಕರಾರು ಆಯಿತು. ದಿನಕ್ಕೆ ಹತ್ತು ನಿಮಿಷ ಅವಳದು, ಹತ್ತು ನಿಮಿಷ ನನ್ನದು. ಅವಳು ಐದು ಗೆರೆಯ ಹಾಳೆ ಓದುವುದು, ನಾನು ಅಣ್ಣನ ಡೈರಿ ಓದುವುದು. ಅವ್ವನ ಪದದ ಪುಟ ಮಾತ್ರ ಕೊನೆಗೆ.

ಮೊದಲು ಲಿಪಿಯ ವಿಷಯ ಹೇಳಿಬಿಡುತ್ತೇನೆ.

ಅಣ್ಣ ಬರೆದದ್ದು ಭಾತಖಂಡೆಯವರ ಪದ್ಧತಿಯಲ್ಲಿ. ವಿಷ್ಣು ನಾರಾಯಣ ಭಾತಖಂಡೆ (1860-1936) ಎಂಬುವರು ದೇಶ ಸುತ್ತಿ, ಉಸ್ತಾದರು ಪಂಡಿತರ ಬಾಯಲ್ಲಿದ್ದ ಚೀಜುಗಳನ್ನು ಕೇಳಿ, ಬರೆದು, ಅಚ್ಚು ಹಾಕಿಸಿದವರು. ಅವರ ಲಿಪಿ ಸರಳ. ಸ ರಿ ಗ ಮ ಪ ಧ ನಿ ಎಂಬ ಅಕ್ಷರಗಳೇ. ಅಕ್ಷರದ ಕೆಳಗೆ ಅಡ್ಡ ಗೆರೆ ಇದ್ದರೆ ಅದು ಕೋಮಲ ಸ್ವರ, ಅಂದರೆ ಒಂದು ಮನೆ ಕೆಳಗೆ. ಮ ಅಕ್ಷರದ ಮೇಲೆ ನಿಂತ ಗೆರೆ ಇದ್ದರೆ ತೀವ್ರ, ಅಂದರೆ ಒಂದು ಮನೆ ಮೇಲೆ. ಕೆಳಗೆ ಚುಕ್ಕಿ ಇದ್ದರೆ ಮಂದ್ರ, ಮೇಲೆ ಚುಕ್ಕಿ ಇದ್ದರೆ ತಾರ. ಸ್ವರದ ಮುಂದೆ ಅಡ್ಡಗೀಟು ಇದ್ದರೆ ಅದನ್ನು ಇನ್ನೊಂದು ಮಾತ್ರೆ ಎಳೆಯಬೇಕು. ತಾಳದ ಸಮಕ್ಕೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ.

ಮೊಮ್ಮಗಳ ಹಾಳೆಯಲ್ಲಿ ಅಕ್ಷರಗಳಿಲ್ಲ. ಐದು ಗೆರೆ, ನಾಲ್ಕು ಸಂದು. ಗೆರೆಯ ಮೇಲೊಂದು, ಸಂದಿನಲ್ಲೊಂದು ಕಾಳು ಕಾಳಾಗಿ ಗುರುತು. ಬಲಗೈಗೆ ಐದು ಗೆರೆ, ಎಡಗೈಗೆ ಕೆಳಗೆ ಇನ್ನೈದು. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಗ್ವಿಡೋ ಎಂಬ ಸನ್ಯಾಸಿ ಇದ್ದ. ಇಗರ್ಜಿಯಲ್ಲಿ ಹಾಡುವ ಹುಡುಗರು ಒಂದೊಂದು ಹಾಡನ್ನೂ ಕೇಳಿ ಕೇಳಿಯೇ ಬಾಯಿಪಾಠ ಮಾಡಬೇಕಿತ್ತು. ವರ್ಷಗಟ್ಟಲೆ ಹಿಡಿಯುತ್ತಿತ್ತು. ಗೆರೆ ಎಳೆದು ಅದರ ಮೇಲೆ ಸ್ವರ ಕೂರಿಸುವ ದಾರಿಯನ್ನು ಗ್ವಿಡೋ ಗಟ್ಟಿ ಮಾಡಿದ. ಅಂದಿನಿಂದ ಹುಡುಗರು ಯಾರೂ ಹಾಡಿ ತೋರಿಸದ ಹಾಡನ್ನೂ ಹಾಳೆ ನೋಡಿ ಹಾಡುವಂತಾಯಿತು. ನಾವು ಪಡಸಾಲೆಯಲ್ಲಿ ಮಾಡಲು ಹೊರಟದ್ದೂ ಅದನ್ನೇ.

ಎರಡು ಲಿಪಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಐದು ಗೆರೆಯ ಹಾಳೆಯಲ್ಲಿ ಗುರುತು ಎಲ್ಲಿದೆಯೋ ಪಿಯಾನೋದಲ್ಲಿ ಅದೇ ಮನೆ, ಬದಲಾಗುವುದಿಲ್ಲ. ನಮ್ಮ ಸ ಹಾಗಲ್ಲ. ಹಾಡುವವರ ಗಂಟಲು ನೋಡಿ ಅದನ್ನು ಬಿಳಿ ಒಂದಕ್ಕೂ ಇಡಬಹುದು, ಕರಿ ಎರಡಕ್ಕೂ ಇಡಬಹುದು. 'ಹಾಗಾದ್ರೆ ನಿಮ್ಮ ಸ ಬಾಡಿಗೆ ಮನೆಯಲ್ಲಿ ಇರುತ್ತೆ, ನಮ್ಮ ಸಿ ಸ್ವಂತ ಮನೆಯಲ್ಲಿ ಇರುತ್ತೆ' ಎಂದಳು ಮೊಮ್ಮಗಳು! ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಇನ್ನು ಕಲಿತ ಕಥೆ.

ಮೊದಲ ವಾರ ಅವಳು ಬಾರಿಸುವುದನ್ನು ಸುಮ್ಮನೆ ಕೂತು ನೋಡಿದೆ. ಪ್ರತಿ ಗುರುತಿಗೂ ಕೆಳಗಿನ ಗೆರೆಯಿಂದ ಎಣಿಸಿಕೊಂಡು ಬರುತ್ತಿದ್ದಳು. ಒಂದು ಸ್ವರ ಹುಡುಕಿ ಬಾರಿಸುವಷ್ಟರಲ್ಲಿ ತಾಳ ಓಡಿಹೋಗುತ್ತಿತ್ತು. 'ತಂಗಿ, ಜಾಲಹಳ್ಳಿಯಿಂದ ರಾಯಚೂರಿಗೆ ಬಸ್ಸಿನ್ಯಾಗ ಹೋಗುವಾಗ ಪ್ರತಿ ಕಿಲೋಮೀಟರ್ ಕಲ್ಲು ಎಣಿಸ್ತೀಯೇನು? ದೇವದುರ್ಗ ಬಂತು, ಗಬ್ಬೂರು ಬಂತು ಅಂತ ಗುರುತು ಹಿಡಿತೀವಿ ಹೌದಿಲ್ಲೋ?' ಅಂದೆ. ಅವಳ ಟೀಚರೂ ಅದನ್ನೇ ಹೇಳಿದ್ದರಂತೆ. ಮೂರು ಸ್ಟಾಪು ಗಟ್ಟಿ ಮಾಡಿಕೊಂಡೆವು. ಎರಡೂ ಕೈಗಳ ಗೆರೆಗಳ ನಡುವೆ ಇರುವ ಸಿ ಒಂದು. ಬಲಗೈ ಗೆರೆಗಳಲ್ಲಿ ಕೆಳಗಿನಿಂದ ಎರಡನೆಯದು ಜಿ. ಎಡಗೈ ಗೆರೆಗಳಲ್ಲಿ ಕೆಳಗಿನಿಂದ ನಾಲ್ಕನೆಯದು ಎಫ್. ಈ ಮೂರು ಕಂಡಕೂಡಲೇ ಗೊತ್ತಾದರೆ ಉಳಿದವಕ್ಕೆಲ್ಲ ಇವುಗಳಿಂದ ಎಷ್ಟು ದೂರ ಎಂದು ನೋಡಿದರೆ ಸಾಕು. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಮನೆ. ಗೆರೆಯಿಂದ ಮುಂದಿನ ಗೆರೆಗೆ ಹೋದರೆ ನಡುವೆ ಒಂದು ಮನೆ ಬಿಟ್ಟು ಅದರಾಚೆಯದು.

ಎರಡನೆಯದು, ಗುಂಪಾಗಿ ಓದುವುದು. ನೀವು ಒಂದನೆಯ ತರಗತಿಯಲ್ಲಿ 'ಕ, ಮ, ಲ' ಎಂದು ಬೆರಳಿಟ್ಟು ಓದುತ್ತಿದ್ದಿರಿ. ಈಗ 'ಕಮಲ' ಎಂದು ಒಂದೇ ನೋಟಕ್ಕೆ ಓದುತ್ತೀರಿ. ಬ್ಯಾಂಕಿನಲ್ಲಿ 4,37,500 ಎಂದಿದ್ದರೆ ನಾವು ನಾಲ್ಕು, ಮೂರು, ಏಳು, ಐದು ಎಂದು ಓದುವುದಿಲ್ಲ. ನಾಲ್ಕು ಲಕ್ಷ ಮೂವತ್ತೇಳು ಸಾವಿರದ ಐನೂರು ಎಂದು ಕಣ್ಣು ಒಂದೇ ಸಲಕ್ಕೆ ಹಿಡಿಯುತ್ತದೆ. ಸಂಗೀತದಲ್ಲೂ ಹಾಗೇ. ಮೇಲೆ ಹತ್ತುವ ನಾಲ್ಕು ಸ್ವರ ಇದ್ದರೆ ಅವು ನಾಲ್ಕು ಬಿಡಿ ಸ್ವರಗಳಲ್ಲ, ಒಂದು ಮೆಟ್ಟಿಲಸಾಲು.

ಹೀಗೆ ಗುಂಪಾಗಿ ಓದುವಾಗ ಒಂದು ಮೋಸ ಇದೆ. ಪಕ್ಕಪಕ್ಕದ ಎರಡು ಕಣ್ಣಿನಲ್ಲಿ ಅದಲುಬದಲಾಗುತ್ತವೆ. ಬ್ಯಾಂಕಿನಲ್ಲಿ 63 ಬರೆಯುವಲ್ಲಿ 36 ಬರೆದು ಸಂಜೆ ಲೆಕ್ಕ ತಾಳೆಯಾಗದೆ ಎಷ್ಟೋ ಸಲ ಕೂತಿದ್ದೇವೆ. ಆಗ ನಮ್ಮ ಹಿರಿಯರು ಒಂದು ಉಪಾಯ ಹೇಳಿಕೊಟ್ಟಿದ್ದರು. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು, ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದು. 63ರಲ್ಲಿ 36 ಕಳೆದರೆ 27, ಅಂದರೆ ಒಂಬತ್ತು ಮೂರಲೇ. ನೀವೂ ಬೇರೆ ಅಂಕಿಗಳಲ್ಲಿ ಮಾಡಿ ನೋಡಿ. ಅಣ್ಣನ ಡೈರಿಯಲ್ಲಿ 'ಗ ಮ' ಇದ್ದ ಕಡೆ ನಾನು 'ಮ ಗ' ಬಾರಿಸುತ್ತಿದ್ದೆ. ಇಲ್ಲಿ ಒಂಬತ್ತರ ಉಪಾಯ ನಡೆಯದು, ಪಕ್ಕದಲ್ಲಿ ಮೊಮ್ಮಗಳು ಕೂತಿರಬೇಕು ಅಷ್ಟೇ.

ಮೂರನೆಯದು, ಕಣ್ಣು ಮುಂದೆ ಹೋಗುವುದು. ನೋಟು ಎಣಿಸುವವರನ್ನು ನೋಡಿದ್ದೀರಾ? ಯಂತ್ರ ಬರುವ ಮೊದಲು ನೂರರ ಕಟ್ಟನ್ನು ಕೈಯಲ್ಲೇ ಎಣಿಸಬೇಕಿತ್ತು. ಬೆರಳು ಈ ನೋಟಿನ ಮೇಲೆ ಇದ್ದರೆ ಕಣ್ಣು ಮುಂದಿನ ನೋಟಿನ ಮೇಲೆ ಇರುತ್ತಿತ್ತು. ಹರಿದದ್ದು ಬಂತೋ, ಬೇರೆ ಬೆಲೆಯದು ನಡುವೆ ಸೇರಿತೋ ಎಂದು ಮೊದಲೇ ಗೊತ್ತಾಗಬೇಕಲ್ಲ. ಮೊಮ್ಮಗಳ ಕಣ್ಣು ಬಾರಿಸುತ್ತಿರುವ ಸ್ವರಕ್ಕೇ ಅಂಟಿಕೊಂಡಿರುತ್ತಿತ್ತು. ಅದಕ್ಕೆ ಒಂದು ಹಳೆಯ ಲಗ್ನಪತ್ರಿಕೆಯ ರಟ್ಟು ತೆಗೆದುಕೊಂಡೆ. ಅವಳು ಒಂದು ಮನೆ ಬಾರಿಸಲು ಶುರು ಮಾಡಿದ ಕೂಡಲೇ ಆ ಭಾಗವನ್ನು ರಟ್ಟಿನಿಂದ ಮುಚ್ಚಿಬಿಡುತ್ತಿದ್ದೆ. ಕಣ್ಣು ಮುಂದೆ ಓಡದೆ ಬೇರೆ ದಾರಿಯೇ ಇಲ್ಲ. ಮೊದಲ ದಿನ ಅತ್ತಳು. ಮೂರನೆಯ ದಿನ, 'ಅಜ್ಜ, ಬೇಗ ಮುಚ್ಚಿ' ಎನ್ನತೊಡಗಿದಳು.

ಕೈ ನೋಡಿಕೊಳ್ಳುವ ಚಟವೂ ಇತ್ತು. ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ, ಕೋಳಿ ನೀರು ಕುಡಿದ ಹಾಗೆ. ಕೈಗಳ ಮೇಲೆ ಟವೆಲ್ ಹೊದಿಸಿದೆವು. ಎರಡು ಕರಿ, ಮೂರು ಕರಿ ಮನೆಗಳನ್ನು ಬೆರಳಿನಿಂದಲೇ ಮುಟ್ಟಿ ಗುರುತಿಸುವುದನ್ನು ಕಲಿತಳು.

ನಾಲ್ಕನೆಯದೇ ಎಲ್ಲಕ್ಕಿಂತ ಕಠಿಣ. ತಪ್ಪಿದರೆ ನಿಲ್ಲಬಾರದು.

ಅವಳಿಗೆ ಇದು ಕಷ್ಟ, ನನಗೆ ಇನ್ನೂ ಕಷ್ಟ. ಬ್ಯಾಂಕಿನ ಗುಮಾಸ್ತನಿಗೆ ಮೂವತ್ತೈದು ವರ್ಷ ಕಲಿಸಿದ ಪಾಠವೇ ಅದಕ್ಕೆ ಉಲ್ಟಾ: ತಪ್ಪು ಸಿಕ್ಕರೆ ನಿಲ್ಲು. ಹತ್ತು ಪೈಸೆ ವ್ಯತ್ಯಾಸ ಬಂದರೂ ಆ ಹತ್ತು ಪೈಸೆ ಸಿಗುವವರೆಗೆ ಮನೆಗೆ ಹೋಗುವಂತಿಲ್ಲ. ಹಾಗಾಗಿ ಡೈರಿ ಓದುವಾಗ ಒಂದು ಸ್ವರ ತಪ್ಪಿದರೆ ನಾನು ನಿಂತು, ಹಿಂದೆ ಹೋಗಿ, ಸರಿಪಡಿಸಿ, ಮತ್ತೆ ಶುರು ಮಾಡುತ್ತಿದ್ದೆ. ತಾಳ ಎಲ್ಲಿರುತ್ತದೆ? ಬಸ್ಸು ಬಿಟ್ಟು ಹೋದ ಮೇಲೆ ಟಿಕೆಟ್ಟಿನ ಚಿಲ್ಲರೆ ಎಣಿಸಿದ ಹಾಗೆ. ಭಜನೆಯಲ್ಲಿ ನಾನೇ ಯಾವತ್ತೂ ಹಾಗೆ ಮಾಡುವುದಿಲ್ಲ. ಹತ್ತು ಜನ ಹಾಡುತ್ತಿರುವಾಗ ಪೇಟಿಯವ ನಿಂತರೆ ತಾಳದವರು ಬಿಟ್ಟಾರೆಯೇ? ಕಾಗದ ಮುಂದೆ ಇಟ್ಟಕೂಡಲೇ ನಾನು ಮತ್ತೆ ಗುಮಾಸ್ತ ಆಗಿಬಿಡುತ್ತಿದ್ದೆ.

ಇದಕ್ಕೆ ಮದ್ದು ಸಿಕ್ಕಿದ್ದು ಅಡುಗೆಮನೆಯಿಂದ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕೀಬೋರ್ಡು ಸುಮ್ಮನಾಯಿತು, ಅದರೊಳಗಿನ ಟಿಕ್-ಟಿಕ್ ತಾಳವೂ ನಿಂತಿತು. ಮೊಮ್ಮಗಳು ಪೇಟಿಯ ಮುಂದೆ ಕೂತಳು. ಪೇಟಿಯಲ್ಲಿ ಒಂದು ಕೈ ತಿದಿ ಒತ್ತಬೇಕು, ಹಾಗಾಗಿ ಬಲಗೈಯ ಸಾಲು ಮಾತ್ರ ಓದುವುದು ಎಂದಾಯಿತು. ತಾಳಕ್ಕೆ ಏನು ಮಾಡುವುದು? ಒಳಗೆ ಅವಳ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ತಪ್-ತಪ್-ತಪ್-ತಪ್. ಆ ಸದ್ದು ಯಾರಿಗಾಗಿಯೂ ಹೆಚ್ಚು ಕಡಿಮೆ ಆಗುವುದಿಲ್ಲ. 'ಇದಕ್ಕೇ ಬಾರಿಸು. ಅಜ್ಜಿ ನಿಲ್ಲಂಗಿಲ್ಲ, ನೀನೂ ನಿಲ್ಲಬ್ಯಾಡ. ತಪ್ಪಿದ್ದು ತಪ್ಪಿ ಹೋಗಲಿ, ಮುಂದಿನ ಬಡಿತಕ್ಕ ಹಿಡಕೋ' ಅಂದೆ. ಎಂಟು ರೊಟ್ಟಿ ಮುಗಿಯುವಷ್ಟರಲ್ಲಿ ಅವಳು ಹೊಸ ಪಾಠವೊಂದನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ಬಾರಿಸಿದ್ದಳು. ನಾಲ್ಕು ಸ್ವರ ತಪ್ಪಿದ್ದವು. ತಾಳ ಒಂದೂ ತಪ್ಪಿರಲಿಲ್ಲ. ಮರುದಿನದಿಂದ ನಮ್ಮ ಅಭ್ಯಾಸದ ಹೊತ್ತು ರೊಟ್ಟಿಯ ಹೊತ್ತೇ ಆಯಿತು.

ಅರ್ಧ ನಿಮಿಷವನ್ನು ಹೇಗೆ ಬಳಸಬೇಕು ಎಂದೂ ಕಂಡುಕೊಂಡೆವು. ಮೊದಲು, ಹಾಳೆಯ ಎಡತುದಿಯಲ್ಲಿ ಯಾವ ಸ್ವರಗಳು ಕರಿ ಮನೆಗೆ ಹೋಗಬೇಕು ಎಂದು ಬರೆದಿರುತ್ತದೆ, ಅದನ್ನು ನೋಡುವುದು. ಎರಡನೆಯದು, ತಾಳ ಮೂರರದೋ ನಾಲ್ಕರದೋ ನೋಡುವುದು. ಮೂರನೆಯದು, ಇಡೀ ಪಾಠದಲ್ಲಿ ಅತಿ ಕಷ್ಟದ ಜಾಗ ಯಾವುದು ಎಂದು ಹುಡುಕುವುದು. ಅಲ್ಲಿ ಎಷ್ಟು ನಿಧಾನ ಬಾರಿಸಬಲ್ಲೆವೋ ಅಷ್ಟೇ ನಿಧಾನದಲ್ಲಿ ಮೊದಲಿನಿಂದ ಶುರು ಮಾಡುವುದು. ಮಕ್ಕಳು ಮಾಡುವ ದೊಡ್ಡ ತಪ್ಪು ಇದೇ. ಮೊದಲ ಸಾಲು ಸುಲಭ ಇದೆ ಎಂದು ಓಟ ಹೊಡೆಯುತ್ತಾರೆ, ಎರಡನೆಯ ಸಾಲಿನಲ್ಲಿ ಗುಂಡಿಗೆ ಬೀಳುತ್ತಾರೆ.

ಇನ್ನೊಂದು ಮಾತು. ಅಭ್ಯಾಸಕ್ಕೆ ಅವಳ ಈಗಿನ ದರ್ಜೆಗಿಂತ ಎರಡು ದರ್ಜೆ ಸುಲಭದ ಪಾಠಗಳನ್ನೇ ಆರಿಸಿಕೊಂಡೆವು, ದಿನವೂ ಹೊಸತು. ನಿನ್ನೆಯದನ್ನೇ ಇಂದು ಬಾರಿಸಿದರೆ ಅದು ಓದಿದ ಹಾಗಲ್ಲ, ನೆನಪಿನಿಂದ ಒಪ್ಪಿಸಿದ ಹಾಗೆ.

ಇಷ್ಟು ಓದಿ, ಲಿಪಿ ಬಾರದವರು ಸಂಗೀತಗಾರರೇ ಅಲ್ಲ ಎಂದುಕೊಳ್ಳಬೇಡಿ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಕಿವಿಯಿಂದ ಕಲಿತು ಕಿವಿಗೆ ಕಲಿಸಿ ನಾಡಿಗೆ ಎಷ್ಟು ಗಾಯಕರನ್ನು ಕೊಟ್ಟರು! ಕಣ್ಣು ಕಾಣದವರಿಗಾಗಿ ಚುಕ್ಕಿ ಲಿಪಿ ಮಾಡಿದ ಫ್ರಾನ್ಸಿನ ಲೂಯಿ ಬ್ರೈಲ್ ಸ್ವತಃ ಆರ್ಗನ್ ವಾದಕ. 1829ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದಾಗಲೇ ಅದರಲ್ಲಿ ಸಂಗೀತ ಬರೆಯುವುದನ್ನೂ ಸೇರಿಸಿದ್ದ. ಆದರೆ ಬೆರಳಿನಿಂದ ಓದುವವರು ಎರಡೂ ಕೈಯಿಂದ ಬಾರಿಸುತ್ತಾ ಓದಲಾರರು. ಒಂದು ಕೈಯಿಂದ ಓದಿ, ನೆನಪಿಟ್ಟು, ಆಮೇಲೆ ಬಾರಿಸಬೇಕು. ಕಣ್ಣು ಇರುವ ನಮಗೆ ಎಷ್ಟು ಸುಲಭ ಎಂದು ಆಗ ಅನಿಸಿತು.

ಪಿಯಾನೋ ನಮ್ಮದಲ್ಲ ಎಂದೂ ಅನ್ನಬೇಡಿ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು (1919-1974) ಪಿಯಾನೋ ಬಲ್ಲವರು. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗಲು ಹಣ ಕೊಟ್ಟವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಈ ಮಹಾರಾಜರಿಗೆ ಅರ್ಪಿಸಿದರು. ಅದೇ ಮಹಾರಾಜರು 'ಶ್ರೀವಿದ್ಯಾ' ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನೂ ರಚಿಸಿದರು. ಅರಮನೆಯಲ್ಲಿ ಎರಡೂ ಇರಬಹುದಾದರೆ ನಮ್ಮ ಪಡಸಾಲೆಯಲ್ಲಿ ಯಾಕಿರಬಾರದು?

ಅವಳು ಬೆಂಗಳೂರಿಗೆ ಹೊರಡಲು ಎರಡು ದಿನ ಉಳಿದಿತ್ತು. ಸಂಜೆ ಡೈರಿ ತೆಗೆದು ಅವ್ವನ ಪದದ ಪುಟ ಬಿಚ್ಚಿದೆ. ಸ ಬಿಳಿ ಒಂದಕ್ಕೆ ಇಟ್ಟೆ. ಕೈ ಸ್ವಲ್ಪ ನಡುಗುತ್ತಿತ್ತು, ಎಪ್ಪತ್ತು ದಾಟಿದೆಯಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದಳು.

ಮೊದಲ ಸಾಲು ಓದಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗುರುತು ಸಿಕ್ಕಿತು. ಅವ್ವನ ಪದವೇ! ನನಗೆ ಗೊತ್ತಿರುವುದೇ! ಅಣ್ಣ ಹೋದ ಮೇಲೂ ಎಷ್ಟೋ ಸಲ ನೆನಪಿನಿಂದ ಇದನ್ನು ಬಾರಿಸಿದ್ದೇನೆ. ಗುರುತು ಸಿಕ್ಕಕೂಡಲೇ ನನ್ನ ಕಣ್ಣು ಕಾಗದ ಬಿಟ್ಟಿತು. ಬೆರಳು ತಾನಾಗಿ ಓಡಿತು.

'ಅಜ್ಜ, ಅಲ್ಲಿ ನಿ ಕೆಳಗೆ ಗೆರೆ ಇದೆ. ನೀವು ಬಿಳಿ ಬಾರಿಸಿದ್ರಿ.'

'ಇಲ್ಲ ತಂಗಿ, ಅವ್ವನ ಪದ ನನಗ ಗೊತ್ತೈತಿ. ಅದು ಬಿಳಿದೇ.'

'ಬರೆದಿರೋದನ್ನ ಬಾರಿಸಬೇಕು ಅಂತ ನೀವೇ ತಾನೇ ಒಂದು ತಿಂಗಳಿಂದ ಹೇಳ್ತಿರೋದು?'

ಕನ್ನಡಕ ಒರೆಸಿಕೊಂಡು ನೋಡಿದೆ. ಗೆರೆ ಇತ್ತು. ಅಣ್ಣ ಸ್ಕೇಲು ಇಟ್ಟು ಎಳೆದ ಸಣ್ಣ ಗೆರೆ. ಅದೊಂದೇ ಕಡೆ ಅಲ್ಲ, ಇಳಿಯುವಾಗ ಬರುವ ಪ್ರತಿ ನಿ ಕೆಳಗೂ ಇತ್ತು. ಮೊದಲಿನಿಂದ ಮತ್ತೆ ಶುರು ಮಾಡಿದೆ. ಈ ಸಲ ಕಣ್ಣು ತೆಗೆಯಲಿಲ್ಲ. ಇಳಿಯುವಾಗ ಬೆರಳನ್ನು ಕರಿ ಮನೆಗೆ ಇಟ್ಟೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ನಮ್ಮ ಮನೆಯವರು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವನ ಎದುರಿಗೆ ಕೂತು ಜೊತೆಗೆ ಬೀಸಿದವರು ಅವರು. 'ಹೂಂ, ಅತ್ತಿ ಹಿಂಗ ಹಾಡ್ತಿದ್ದರು. ನೀವು ಬಾರಿಸೋದು ಎಂದೂ ಹಿಂಗ ಇರಲಿಲ್ಲ. ನಾನು ಹೆಂಗ ಹೇಳಲಿ ಅಂತ ಸುಮ್ಮನಿದ್ದೆ' ಅಂದರು.

ನಲವತ್ತು ವರ್ಷ ನನ್ನ ಕಿವಿಯನ್ನು ನಂಬಿಕೊಂಡು ಅವ್ವನ ಪದದ ಒಂದು ಸ್ವರವನ್ನು ತಪ್ಪಾಗಿ ಬಾರಿಸಿದ್ದೆ. ಅದು ಎರಡು ಕಡೆ ಸರಿಯಾಗಿ ಉಳಿದಿತ್ತು, ಅಣ್ಣನ ಕಾಗದದಲ್ಲಿ ಮತ್ತು ಮನೆಯವರ ಕಿವಿಯಲ್ಲಿ. ನಾನು ಎರಡನ್ನೂ ಕೇಳಿರಲಿಲ್ಲ. ಅಣ್ಣ ಇದ್ದಾಗಲೇ ಎಂಟು ದಿನ ಕೂತು ಕಲಿತಿದ್ದರೆ ಅವನ ಎದುರಿಗೇ ಬಾರಿಸಬಹುದಿತ್ತು. ಆ ಬಾಕಿ ಯಾವ ಲೆಕ್ಕದಲ್ಲೂ ತಾಳೆಯಾಗುವುದಿಲ್ಲ.

ಹೋಗುವ ಮೊದಲು ಮೊಮ್ಮಗಳು ಡೈರಿಯ ಕೊನೆಯ ಖಾಲಿ ಹಾಳೆಯಲ್ಲಿ ಐದು ಗೆರೆ ಎಳೆದು ಅವ್ವನ ಪದವನ್ನು ತನ್ನ ಲಿಪಿಯಲ್ಲೂ ಬರೆದಿಟ್ಟಳು. ಆಮೇಲೆ ಕೀಬೋರ್ಡಿನ ಮೇಲೆ ಅದನ್ನು ನೋಡಿ ಬಾರಿಸಿದಳು, ನಿಲ್ಲದೆ. ಅವಳ ಮುಂದಿನ ಪರೀಕ್ಷೆ ಇನ್ನೂ ಬರಬೇಕಿದೆ. ಅಂಕ ಎಷ್ಟು ಬರುತ್ತದೋ ನೋಡೋಣ. ರೊಟ್ಟಿ ಬಡಿಯುವ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾಳೆ. ಈಗ ಬೆಂಗಳೂರಿನ ಮನೆಯಲ್ಲಿ ಅದಕ್ಕೇ ಅಭ್ಯಾಸವಂತೆ.

ಮಕ್ಕಳೇ, ಈ ವಾರದ ಮನೆಗೆಲಸ. ಪಿಯಾನೋ, ಪೇಟಿ, ಕೊಳಲು, ಏನು ಕಲಿಯುತ್ತಿದ್ದರೂ ಸರಿ, ದಿನಕ್ಕೆ ಹತ್ತು ನಿಮಿಷ ಮೊದಲೆಂದೂ ನೋಡಿರದ ಒಂದು ಸುಲಭದ ಪಾಠ ಓದಿ. ನಿಧಾನವಾಗಿ, ತಾಳ ಬಿಡದೆ, ತಪ್ಪಿದರೆ ನಿಲ್ಲದೆ. ಮುಗಿದ ಮೇಲೆ ಹಿಂದಕ್ಕೆ ಹೋಗಿ ಎಲ್ಲಿ ತಪ್ಪಿತು ಎಂದು ಪೆನ್ಸಿಲಿನಿಂದ ಗುರುತು ಹಾಕಿ. ಗುಮಾಸ್ತನ ಕೆಲಸ ಆಗ ಮಾಡಬೇಕು, ಬಾರಿಸುವಾಗ ಅಲ್ಲ. ಸಂಗೀತ ಕಲಿಯದವರು ಇದೇ ರೀತಿ ಹೊಸ ಪುಸ್ತಕದ ಒಂದು ಪುಟವನ್ನು ಮನೆಯವರ ಮುಂದೆ ಗಟ್ಟಿಯಾಗಿ, ತಡವರಿಸದೆ ಓದಿ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮ್ಮ ಟ್ರಂಕು ತೆಗೆದು ನೋಡಿ. ಯಾರೋ ಬರೆದಿಟ್ಟ ಹಾಡಿನ ಪುಸ್ತಕ ಇದ್ದರೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಓದಲು ಬಾರದಿದ್ದರೆ ಕಲಿಯಿರಿ. ಎಂಟು ದಿನ ಸಾಲದು, ನನಗೆ ಒಂದು ತಿಂಗಳು ಹಿಡಿಯಿತು. ಆದರೂ ಆಗುತ್ತದೆ.

ಮುಂದಿನ ವಾರ ಮತ್ತೆ ಪಡಸಾಲೆಯಲ್ಲಿ ಸಿಗೋಣ.

ನಿಮ್ಮ ಜಾಲಹಳ್ಳಿ ಅಜ್ಜ